ಗೊತ್ತಿಲ್ಲ ಅಮ್ಮಾವ್ರೇ: ‘ಒಥೆಲೊ’ ನಾಟಕದಲ್ಲಿ ಎಮಿಲಿಯಾ

ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ಸುಳ್ಳು ಅಂದರೆ ಇಯಾಗೊ. ಅವನು ಹೇಳುವ ಸುಳ್ಳುಗಳಿಗೆ ಲೆಕ್ಕವೇ ಇಲ್ಲ. ಆದರೆ ಡೆಸ್ಡಿಮೋನಾಳ ಪ್ರಾಣ ತೆಗೆದ ಸುಳ್ಳುಗಳಲ್ಲಿ ಒಂದು ಅವನ ಬಾಯಿಂದ ಬಂದದ್ದಲ್ಲ. ಅದನ್ನು ಹೇಳಿದವಳು ಅವನ ಹೆಂಡತಿ ಎಮಿಲಿಯಾ. ಮೂರನೇ ಅಂಕದ ನಾಲ್ಕನೇ ದೃಶ್ಯದಲ್ಲಿ ಡೆಸ್ಡಿಮೋನಾ ಕೇಳುತ್ತಾಳೆ, ‘ಎಮಿಲಿಯಾ, ಆ ಕರ್ಚೀಫನ್ನ ಎಲ್ಲಿ ಕಳಕೊಂಡೆ ನಾನು?’ ಎಮಿಲಿಯಾ ಹೇಳುತ್ತಾಳೆ, ‘ಗೊತ್ತಿಲ್ಲ ಅಮ್ಮಾವ್ರೇ.’

ಅವಳಿಗೆ ಗೊತ್ತಿದೆ. ಸ್ವಲ್ಪ ಹೊತ್ತಿಗೆ ಮುಂಚೆ ಅವಳೇ ಅದನ್ನು ನೆಲದಿಂದ ಎತ್ತಿ ಗಂಡನಿಗೆ ಕೊಟ್ಟಿದ್ದಾಳೆ. ಕೊಟ್ಟಿದ್ದನ್ನು ನಾವೂ ನೋಡಿದ್ದೇವೆ.

ಡಿಗ್ರಿಯಲ್ಲಿ ಈ ನಾಟಕ ಓದಿದವರಿಗೆ ಎಮಿಲಿಯಾ ಬಗ್ಗೆ ಒಂದು ಸಿದ್ಧ ಉತ್ತರ ನೆನಪಿರುತ್ತದೆ. ಯಜಮಾನಿಗೆ ನಿಷ್ಠಳಾದ ಸಖಿ, ಕೊನೆಯಲ್ಲಿ ಸತ್ಯವನ್ನು ಬಯಲಿಗೆಳೆದು ಪ್ರಾಣ ಕೊಡುವವಳು. ಇದು ತಪ್ಪಲ್ಲ. ಆದರೆ ಅರ್ಧ ಮಾತ್ರ. ಸತ್ಯವನ್ನು ಬಯಲಿಗೆಳೆಯುವವಳೇ ಅದನ್ನು ಅಷ್ಟು ಹೊತ್ತು ಬಚ್ಚಿಟ್ಟವಳು ಕೂಡ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಎಮಿಲಿಯಾ ಅರ್ಥವಾಗುವುದಿಲ್ಲ. ಎಮಿಲಿಯಾ ಅರ್ಥವಾಗದಿದ್ದರೆ ಈ ದುರಂತ ಹೇಗೆ ನಡೆಯಿತು ಅನ್ನುವುದೂ ಪೂರ್ತಿ ಅರ್ಥವಾಗುವುದಿಲ್ಲ ಅಂತ ನನ್ನ ನಂಬಿಕೆ.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಒಥೆಲೊ ವೆನಿಸ್ ಸರ್ಕಾರದ ದೊಡ್ಡ ಸೇನಾಪತಿ, ಮೂರ್ ಜನಾಂಗದ ಕಪ್ಪು ಮನುಷ್ಯ. ಡೆಸ್ಡಿಮೋನಾ ಅಲ್ಲಿಯ ಶ್ರೀಮಂತನ ಮಗಳು. ಅಪ್ಪನಿಗೆ ಹೇಳದೆ ಇವನನ್ನು ಮದುವೆಯಾಗುತ್ತಾಳೆ. ಒಥೆಲೊ ತನ್ನ ಕೈಕೆಳಗಿನ ದೊಡ್ಡ ಹುದ್ದೆಗೆ ಕ್ಯಾಸಿಯೊನನ್ನು ಆರಿಸುತ್ತಾನೆ. ಆ ಹುದ್ದೆ ತನಗೆ ಸಿಗಬೇಕಿತ್ತು ಅಂತ ಇಯಾಗೊಗೆ ಹೊಟ್ಟೆಯುರಿ. ಎಲ್ಲರೂ ಸೈಪ್ರಸ್ ದ್ವೀಪಕ್ಕೆ ಹೋದಮೇಲೆ ‘ನಿಮ್ಮ ಹೆಂಡತಿಗೂ ಕ್ಯಾಸಿಯೊಗೂ ಸಂಬಂಧ ಇದೆ’ ಅನ್ನುವ ಅನುಮಾನವನ್ನು ಇಯಾಗೊ ಒಥೆಲೊನ ತಲೆಯಲ್ಲಿ ಬಿತ್ತುತ್ತಾನೆ. ಅದಕ್ಕೆ ಅವನು ತೋರಿಸುವ ‘ಸಾಕ್ಷಿ’ ಒಂದೇ, ಆ ಕರ್ಚೀಫು. ಒಥೆಲೊ ಮೊದಲ ಉಡುಗೊರೆಯಾಗಿ ಕೊಟ್ಟದ್ದು ಕ್ಯಾಸಿಯೊನ ಕೈಗೆ ಹೇಗೆ ಬಂತು? ಇಷ್ಟು ಸಾಕಾಗುತ್ತದೆ. ಒಥೆಲೊ ಹೆಂಡತಿಯನ್ನು ಹಾಸಿಗೆಯಲ್ಲೇ ಉಸಿರುಕಟ್ಟಿಸಿ ಕೊಲ್ಲುತ್ತಾನೆ.

ಕಥೆಯನ್ನು ಶೇಕ್ಸ್‌ಪಿಯರ್ ತಾನೇ ಹುಟ್ಟಿಸಿದ್ದಲ್ಲ. ಚಿಂತಿಯೊ ಎಂಬ ಇಟಲಿಯ ಲೇಖಕ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಇದರ ಮೂಲ ಇದೆ. ನಾಟಕ ಆಡಿದ ಮೊದಲ ದಾಖಲೆ ಸಿಗುವುದು 1604ರ ನವೆಂಬರ್ 1ರಂದು, ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ. ನಡುವೆ ಸುಮಾರು 40 ವರ್ಷ. ಇಟಲಿಯ ಕಥೆಯಲ್ಲೂ ಖಳನಿಗೆ ಹೆಂಡತಿ ಇದ್ದಾಳೆ. ಆದರೆ ಅವಳಿಗೆ ಹೆಸರಿಲ್ಲ, ಮೂರು ವರ್ಷದ ಒಂದು ಹೆಣ್ಣುಮಗು ಇದೆ. ಡೆಸ್ಡಿಮೋನಾ ಆ ಮಗುವನ್ನು ಎತ್ತಿ ಮುದ್ದಾಡುತ್ತಿರುವಾಗ ಖಳ ತಾನೇ ಕೈಹಾಕಿ ಅವಳ ಸೊಂಟದಿಂದ ಕರ್ಚೀಫು ಎಗರಿಸುತ್ತಾನೆ. ಹೆಂಡತಿಗೆ ಇಡೀ ಸಂಚು ಗೊತ್ತು. ಅವನು ಅವಳನ್ನೂ ಅದಕ್ಕೆ ಎಳೆಯಲು ನೋಡಿರುತ್ತಾನೆ, ಅವಳು ಒಪ್ಪಿರುವುದಿಲ್ಲ. ಆದರೆ ಗಂಡನ ಭಯಕ್ಕೆ ಬಾಯಿ ಬಿಡುವುದಿಲ್ಲ. ಎಲ್ಲರೂ ಸತ್ತು ಎಲ್ಲ ಮುಗಿದಮೇಲೆ ನಡೆದದ್ದನ್ನು ಹೇಳುವವಳು ಅವಳೇ.

ಶೇಕ್ಸ್‌ಪಿಯರ್ ಇಲ್ಲಿ ಏನು ಬದಲಾಯಿಸಿದ ನೋಡಿ. ಮಗುವನ್ನು ತೆಗೆದುಹಾಕಿದ. ಕರ್ಚೀಫನ್ನು ಹೆಂಡತಿಯ ಕೈಯಿಂದಲೇ ಎತ್ತಿಸಿದ. ಸಂಚು ಮಾತ್ರ ಅವಳಿಗೆ ಗೊತ್ತಾಗದ ಹಾಗೆ ನೋಡಿಕೊಂಡ. ಇಟಲಿಯ ಹೆಂಗಸಿಗೆ ಎಲ್ಲ ಗೊತ್ತು, ಅವಳ ಕೈ ಮಾತ್ರ ಶುದ್ಧ. ಎಮಿಲಿಯಾಗೆ ಏನೂ ಗೊತ್ತಿಲ್ಲ, ಆದರೆ ಕೈ ಅವಳದೇ. ಒಂದು ಚಿಕ್ಕ ಪಾತ್ರವನ್ನು ಹೀಗೆ ತಿರುಗಿಸಿದ್ದರಿಂದ ನಾಟಕಕ್ಕೆ ಒಂದು ಹೊಸ ಪ್ರಶ್ನೆ ಬಂತು. ಗೊತ್ತಿಲ್ಲದೆ ಮಾಡಿದ ತಪ್ಪು, ಗೊತ್ತಾದ ದಿನ ಏನಾಗುತ್ತದೆ?

ಅದಕ್ಕೇ ಯಾವುದೇ ನಾಟಕದ ಪೋಷಕ ಪಾತ್ರವನ್ನು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು, ಇವಳು ಒಳ್ಳೆಯವಳಾ ಕೆಟ್ಟವಳಾ ಅಂತಲ್ಲ. ಇವಳಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಗೊತ್ತಿದ್ದನ್ನು ಇಟ್ಟುಕೊಂಡು ಏನು ಮಾಡಿದಳು ಅಂತ. ಎಮಿಲಿಯಾ ವಿಷಯದಲ್ಲಿ ಈ ಪ್ರಶ್ನೆಗಳು ತುಂಬಾ ದೂರ ಕರೆದುಕೊಂಡು ಹೋಗುತ್ತವೆ.

ಅವಳನ್ನು ನಾವು ಮೊದಲು ನೋಡುವುದು ಎರಡನೇ ಅಂಕದಲ್ಲಿ, ಸೈಪ್ರಸ್‌ನ ಬಂದರಿನಲ್ಲಿ. ಅಲ್ಲಿ ಇಯಾಗೊ ಹತ್ತು ಜನರ ಮುಂದೆ ಅವಳನ್ನು ಹಂಗಿಸುತ್ತಾನೆ. ಇವಳ ಬಾಯಿಗೆ ಬಿಡುವೇ ಇಲ್ಲ ಅನ್ನುತ್ತಾನೆ. ಹೆಂಗಸರೆಲ್ಲ ಹೊರಗೆ ಚಿತ್ರದ ಹಾಗೆ, ಮನೆಯೊಳಗೆ ಗಂಟೆಯ ಹಾಗೆ, ಅಡುಗೆಮನೆಯಲ್ಲಿ ಕಾಡುಬೆಕ್ಕಿನ ಹಾಗೆ ಅನ್ನುತ್ತಾನೆ. ಡೆಸ್ಡಿಮೋನಾ ಪಾಪ ಅವಳ ಪರ ನಿಂತು ‘ಅವಳು ಮಾತೇ ಆಡಲ್ಲವಲ್ಲ’ ಅನ್ನುತ್ತಾಳೆ. ಆ ದೃಶ್ಯದಲ್ಲಿ ಎಮಿಲಿಯಾ ಆಡುವುದು ಒಂದೆರಡು ಮಾತು ಅಷ್ಟೇ. ಬಾಯಿಬಡುಕಿ ಅಂತ ಹೆಸರು ಕಟ್ಟಿಸಿಕೊಂಡವಳು ಸುಮ್ನೆ ನಿಂತಿರುತ್ತಾಳೆ. ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ. ಇಯಾಗೊಗೆ ಹೆಂಡತಿಯ ನಾಲಿಗೆಯ ಮೇಲೆ ಯಾಕೆ ಅಷ್ಟು ಕಣ್ಣು ಅನ್ನುವುದು ಐದನೇ ಅಂಕದಲ್ಲಿ ಗೊತ್ತಾಗುತ್ತದೆ.

ಇನ್ನು ಕರ್ಚೀಫಿನ ದೃಶ್ಯ. ಇದನ್ನು ನಿಧಾನವಾಗಿ ನೋಡಬೇಕು.

ಒಥೆಲೊ ತಲೆನೋವು ಅನ್ನುತ್ತಾನೆ. ಡೆಸ್ಡಿಮೋನಾ ತನ್ನ ಕರ್ಚೀಫು ತೆಗೆದು ಅವನ ಹಣೆಗೆ ಬಿಗಿಯಾಗಿ ಕಟ್ಟಲು ಹೋಗುತ್ತಾಳೆ. ‘ಇದು ಚಿಕ್ಕದಾಯ್ತು’ ಅಂತ ಅವನು ತಳ್ಳುತ್ತಾನೆ. ಅದು ಕೆಳಗೆ ಬೀಳುತ್ತದೆ. ಅವಳಿಗೆ ಗಂಡನ ತಲೆನೋವಿನ ಚಿಂತೆ, ಬಿದ್ದದ್ದರ ಕಡೆ ಗಮನವಿಲ್ಲ. ‘ಬಿಡು ಅದನ್ನ’ ಅಂದವನೂ ಒಥೆಲೊನೇ. ಇಬ್ಬರೂ ಒಳಗೆ ಹೋಗುತ್ತಾರೆ. ಎಮಿಲಿಯಾ ಬಗ್ಗಿ ಎತ್ತಿಕೊಳ್ಳುತ್ತಾಳೆ. ಒಬ್ಬಳೇ ಇದ್ದಾಳೆ, ಹಾಗಾಗಿ ಅವಳು ಹೇಳುವುದನ್ನು ನಂಬಬಹುದು. ಇದು ಒಥೆಲೊನ ಮೊದಲ ಕಾಣಿಕೆ ಅಂತ ಅವಳಿಗೆ ಗೊತ್ತು. ಡೆಸ್ಡಿಮೋನಾ ಇದಕ್ಕೆ ಮುತ್ತಿಡುತ್ತಾಳೆ, ಇದರ ಜೊತೆ ಮಾತಾಡುತ್ತಾಳೆ ಅಂತಲೂ ಗೊತ್ತು. ಇದನ್ನು ಕದ್ದು ತಾ ಅಂತ ಗಂಡ ನೂರು ಸಲ ಕೇಳಿದ್ದಾನೆ. ಇದರ ಕಸೂತಿಯನ್ನು ಬೇರೆ ಬಟ್ಟೆಗೆ ಇಳಿಸಿಕೊಂಡು ಇಯಾಗೊಗೆ ಕೊಡ್ತೀನಿ ಅಂದುಕೊಳ್ಳುತ್ತಾಳೆ. ಅವನಿಗೆ ಯಾಕೆ ಬೇಕೋ ದೇವರಿಗೇ ಗೊತ್ತು, ನನಗಂತೂ ಗೊತ್ತಿಲ್ಲ, ಅವನ ಮನಸ್ಸಿಗೆ ಖುಷಿಯಾದರೆ ಸಾಕು.

ಅಷ್ಟರಲ್ಲಿ ಇಯಾಗೊ ಬರುತ್ತಾನೆ. ಬಂದವನೇ ಗದರುತ್ತಾನೆ, ಒಬ್ಬಳೇ ಇಲ್ಲಿ ಏನು ಮಾಡ್ತಿದ್ದೀಯ ಅಂತ. ಅವಳು, ‘ಬೈಬೇಡಿ, ನಿಮಗೊಂದು ವಸ್ತು ತಂದಿದ್ದೀನಿ’ ಅನ್ನುತ್ತಾಳೆ. ಅವನು ಅದಕ್ಕೂ ಒಂದು ಕೊಳಕು ಮಾತು ಸೇರಿಸುತ್ತಾನೆ. ಆದರೆ ‘ಕರ್ಚೀಫು’ ಅಂದ ತಕ್ಷಣ ಧ್ವನಿಯೇ ಬೇರೆ. ಒಳ್ಳೆ ಹುಡುಗಿ, ಕೊಡು ಇಲ್ಲಿ. ಈ ನಾಟಕದಲ್ಲಿ ಗಂಡ ಅವಳಿಗೆ ಆಡುವ ಒಂದೇ ಒಂದು ಒಳ್ಳೆಯ ಮಾತು ಹೆಚ್ಚುಕಡಿಮೆ ಇದೇ. ಒಂದು ಮೆಚ್ಚುಗೆಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳು ಅನ್ನುವುದು ಇಲ್ಲಿ ಕಾಣುತ್ತದೆ. ನನಗೆ ಈ ಜಾಗ ಓದುವಾಗ ಪ್ರತಿಸಲ ಸಂಕಟವಾಗುತ್ತದೆ.

ಅವಳು ಪೂರ್ತಿ ಮರುಳಾಗಿಯೂ ಇಲ್ಲ. ಕೊಟ್ಟಮೇಲೆ ಕೈ ಚಾಚುತ್ತಾಳೆ. ಏನಾದರೂ ಮುಖ್ಯವಾದ ಕೆಲಸಕ್ಕೆ ಅಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ, ಪಾಪ, ಅದು ಕಾಣದಿದ್ದರೆ ಅವರಿಗೆ ಹುಚ್ಚು ಹಿಡಿಯುತ್ತೆ ಅನ್ನುತ್ತಾಳೆ. ಅವನು ಹೇಳುವುದು ಇಷ್ಟೇ. ನಿನಗೇನೂ ಗೊತ್ತಿಲ್ಲದ ಹಾಗೆ ಇದ್ದುಬಿಡು, ನನಗೆ ಬೇಕಾಗಿದೆ, ಹೋಗು.

ಮುಂದಿನ ದೃಶ್ಯದ ‘ಗೊತ್ತಿಲ್ಲ ಅಮ್ಮಾವ್ರೇ’ ಇಲ್ಲಿಂದ ಬಂತು. ಆ ಮಾತು ಎಮಿಲಿಯಾಳ ಬಾಯಲ್ಲಿದ್ದರೂ ಹೇಳಿಕೊಟ್ಟವನು ಇಯಾಗೊ.

ಇದೇ ಕರ್ಚೀಫು ಆಮೇಲೆ ಇನ್ನೊಬ್ಬ ಹೆಂಗಸಿನ ಕೈಗೂ ಹೋಗುತ್ತದೆ. ಇಯಾಗೊ ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಬೀಳಿಸುತ್ತಾನೆ. ಕ್ಯಾಸಿಯೊ ಅದನ್ನು ತನ್ನ ಗೆಳತಿ ಬಿಯಾಂಕಾಗೆ ಕೊಟ್ಟು, ಇದರ ಕಸೂತಿ ಇಳಿಸಿಕೊಡು ಅಂತ ಕೇಳುತ್ತಾನೆ. ಎಮಿಲಿಯಾ ತನಗೆ ತಾನೇ ಹೇಳಿಕೊಂಡ ಅದೇ ಕೆಲಸ, ಅದೇ ಮಾತು. ಊರಿನವರು ನಡತೆಗೆಟ್ಟವಳು ಅನ್ನುವ ಬಿಯಾಂಕಾ ಯೋಚನೆ ಮಾಡುತ್ತಾಳೆ. ನಿನ್ನ ಕೋಣೆಯಲ್ಲಿ ಸಿಕ್ಕಿತಂತೆ, ಯಾರು ಬಿಟ್ಟುಹೋದರೋ ಗೊತ್ತಿಲ್ಲವಂತೆ, ಇದನ್ನು ನಾನು ಮಾಡಲಾರೆ ಅಂತ ಅವನ ಮುಖಕ್ಕೆ ಎಸೆಯುತ್ತಾಳೆ. ಗಂಡಸು ಕೊಟ್ಟ ಬಟ್ಟೆಯನ್ನು ಇದು ಯಾರದು ಅಂತ ಕೇಳಿದವಳು ಬಿಯಾಂಕಾ ಒಬ್ಬಳೇ. ಐದನೇ ಅಂಕದಲ್ಲಿ ಎಮಿಲಿಯಾ ಇದೇ ಬಿಯಾಂಕಾಳನ್ನು ಸೂಳೆ ಅಂತ ಬೈಯುತ್ತಾಳೆ. ‘ನನ್ನನ್ನ ಬೈತಿರೋ ನಿನ್ನಷ್ಟೇ ಮರ್ಯಾದೆಯಿಂದ ನಾನೂ ಬದುಕಿದ್ದೀನಿ’ ಅಂತ ಅವಳು ತಿರುಗಿ ಹೇಳುತ್ತಾಳೆ. ಅರ್ಧ ನಿಮಿಷದ ಜಗಳ. ಎಷ್ಟೋ ಪ್ರದರ್ಶನಗಳಲ್ಲಿ ಗಮನಕ್ಕೇ ಬಾರದೆ ಹೋಗುತ್ತದೆ. ಆದರೆ ಎಮಿಲಿಯಾಳನ್ನು ದೇವತೆ ಮಾಡಿಬಿಡುವುದಕ್ಕೆ ಮುಂಚೆ ಇದನ್ನು ಓದಲೇಬೇಕು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ‘ಗೊತ್ತಿಲ್ಲ’ ಅಂದಮೇಲೆ ಅದೇ ದೃಶ್ಯದಲ್ಲಿ ಒಥೆಲೊ ಬಂದು ಕರ್ಚೀಫು ಎಲ್ಲಿ ಅಂತ ಕೂಗಾಡುತ್ತಾನೆ. ಈಜಿಪ್ಟಿನ ಹೆಂಗಸೊಬ್ಬಳು ನಮ್ಮಮ್ಮನಿಗೆ ಕೊಟ್ಟದ್ದು, ಅದರಲ್ಲಿ ಮಾಯೆ ಇದೆ, ಕಳೆದರೆ ಗಂಡನ ಪ್ರೀತಿಯೇ ಹೋಗುತ್ತೆ ಅನ್ನುತ್ತಾನೆ. ‘ಕರ್ಚೀಫು! ಕರ್ಚೀಫು!’ ಅಂತ ಮತ್ತೆ ಮತ್ತೆ ಕೇಳುತ್ತಾನೆ. ಎಮಿಲಿಯಾ ಅಲ್ಲೇ ನಿಂತಿದ್ದಾಳೆ. ಅವನು ಹೋದಮೇಲಾದರೂ ಡೆಸ್ಡಿಮೋನಾಗೆ ಹೇಳಬಹುದಿತ್ತು, ಅಲ್ವಾ? ಹೇಳುವುದಿಲ್ಲ. ಬದಲಿಗೆ ಗಂಡಸರ ಬಗ್ಗೆ ಒಂದು ಕಹಿ ಮಾತು ಹೇಳುತ್ತಾಳೆ. ಅವರು ಬರೀ ಹೊಟ್ಟೆ, ನಾವು ಬರೀ ಊಟ. ಹಸಿದಾಗ ತಿಂತಾರೆ, ತುಂಬಿದಮೇಲೆ ತೇಗಿ ಹೊರಗೆ ಹಾಕ್ತಾರೆ.

1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ ಈ ನಾಟಕವನ್ನು ಚೆನ್ನಾಗಿ ಹೀಗಳೆದ. ಒಂದು ಕರ್ಚೀಫಿಗೆ ಇಷ್ಟೆಲ್ಲ ರಂಪವಾ ಅನ್ನುವುದು ಅವನ ಆಕ್ಷೇಪ. ಅವನ ಮಾತನ್ನು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಒಂದು ನಿಜವಿದೆ. ಇಲ್ಲಿ ಎಮಿಲಿಯಾ ಬಾಯಿಬಿಟ್ಟರೆ ನಾಟಕ ಮೂರನೇ ಅಂಕಕ್ಕೇ ಮುಗಿಯುತ್ತದೆ. ಹಾಗಾದರೆ ನಾಟಕಕಾರ ಕಥೆ ನಡೆಸಲು ಅವಳ ಬಾಯಿ ಕಟ್ಟಿದನಾ?

ನನಗೆ ಹಾಗನ್ನಿಸುವುದಿಲ್ಲ. ಎಮಿಲಿಯಾ ಜಾಗದಲ್ಲಿ ನಿಂತು ನೋಡಿ. ಯಜಮಾನಿಯ ವಸ್ತುವನ್ನು ಎತ್ತಿಕೊಂಡು ಗಂಡನಿಗೆ ಕೊಟ್ಟಿದ್ದಾಳೆ. ಹೇಳಿದರೆ ಕಳ್ಳಿಯಾಗುತ್ತಾಳೆ. ಗಂಡನೂ ಸಿಕ್ಕಿಬೀಳುತ್ತಾನೆ. ಆ ಕ್ಷಣಕ್ಕೆ ಅವಳಿಗೆ ಕಾಣುತ್ತಿರುವುದು ಒಂದು ಗಂಡಹೆಂಡಿರ ಜಗಳ ಮಾತ್ರ. ಕೊಲೆಯ ನೆರಳೂ ಅವಳ ಕಣ್ಣಿಗೆ ಬಿದ್ದಿಲ್ಲ. ಇಂದು ಸುಮ್ಮನಿದ್ದರೆ ನಾಳೆ ತಣ್ಣಗಾಗುತ್ತದೆ ಅಂತ ಎಷ್ಟು ಮನೆಗಳಲ್ಲಿ ಎಷ್ಟು ಜನ ಸುಮ್ಮನಿದ್ದಾರೆ. ನನಗೆ ಈ ಮೌನ ಕೃತಕ ಅನ್ನಿಸದೆ ಇರುವುದಕ್ಕೆ ಕಾರಣ ಅದೇ. ಕ್ಷಮಿಸಬೇಕು ಅಂತ ಹೇಳುತ್ತಿಲ್ಲ. ನಂಬಬಹುದು ಅಂತ ಹೇಳುತ್ತಿದ್ದೇನೆ.

ನಾಲ್ಕನೇ ಅಂಕದಲ್ಲಿ ಅವಳಿಗೆ ಇನ್ನೊಂದು ಅವಕಾಶ ಹತ್ತಿರ ಬಂದು ತಪ್ಪಿಹೋಗುತ್ತದೆ. ಒಥೆಲೊ ಅವಳನ್ನು ಕರೆದು ವಿಚಾರಣೆ ಮಾಡುತ್ತಾನೆ. ಅವರಿಬ್ಬರೂ ಪಿಸುಗುಟ್ಟಿದ್ದು ನೋಡಿದ್ದೀಯಾ? ಇಲ್ಲ. ನಿನ್ನನ್ನು ಹೊರಗೆ ಕಳಿಸಿದ್ದರಾ? ಇಲ್ಲ. ಬೀಸಣಿಗೆ ತಾ, ಗ್ಲೌಸು ತಾ, ಮುಖವಾಡ ತಾ ಅಂತಲಾದರೂ? ಇಲ್ಲವೇ ಇಲ್ಲ. ಹೆಂಗಸಿನ ಸಣ್ಣಪುಟ್ಟ ವಸ್ತುಗಳ ಪಟ್ಟಿ ಹೀಗೆ ಬರುತ್ತದೆ. ಅದರಲ್ಲಿ ಕರ್ಚೀಫು ಒಂದೇ ಇಲ್ಲ! ಕೇಳಿದ್ದರೆ ಅವಳು ನಿಜ ಹೇಳುತ್ತಿದ್ದಳೋ ಏನೋ. ಅವನು ಕೇಳಲಿಲ್ಲ. ನನ್ನ ಆತ್ಮವನ್ನೇ ಪಣಕ್ಕಿಡ್ತೀನಿ, ಅವರು ಶುದ್ಧ ಅಂತ ಎಮಿಲಿಯಾ ಆಣೆ ಇಡುತ್ತಾಳೆ. ಇಷ್ಟು ಗಟ್ಟಿಯಾಗಿ ಯಜಮಾನಿಯ ಪರ ನಿಲ್ಲುವವಳ ಹತ್ತಿರವೇ, ಅವಳನ್ನು ಉಳಿಸಬಲ್ಲ ಒಂದೇ ಒಂದು ಮಾಹಿತಿ ಇದೆ. ಇದು ಮಾಹಿತಿ ಅಂತಲೇ ಅವಳಿಗೆ ತಿಳಿದಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಇಯಾಗೊ ಎದುರಿಗೇ ಅವಳು ಸಿಟ್ಟಿನಿಂದ ಹೇಳುತ್ತಾಳೆ. ಯಾವನೋ ಒಬ್ಬ ನೀಚ, ಯಾವುದೋ ಹುದ್ದೆಗೆ ಆಸೆಪಟ್ಟು ಈ ಚಾಡಿ ಹುಟ್ಟಿಸಿದ್ದಾನೆ, ಅಲ್ಲ ಅಂದರೆ ನನ್ನನ್ನು ನೇಣಿಗೆ ಹಾಕಿ. ಅಕ್ಷರಕ್ಷರ ಸರಿ. ಹೆಸರೊಂದೇ ಬಾಕಿ. ಇಯಾಗೊ ಸುಮ್ನಿರು, ಅಂಥ ಮನುಷ್ಯ ಇರೋಕೆ ಸಾಧ್ಯವೇ ಇಲ್ಲ ಅನ್ನುತ್ತಾನೆ. ಅವಳು ನಿಲ್ಲಿಸುವುದಿಲ್ಲ. ನಿಮಗೂ ನನ್ನ ಮೇಲೆ, ನನ್ನನ್ನೂ ಒಥೆಲೊನನ್ನೂ ಸೇರಿಸಿ ಅನುಮಾನ ಬರೋ ಹಾಗೆ ಮಾಡಿದವನು ಇಂಥವನೇ ಒಬ್ಬ, ನಿಮ್ಮ ಬುದ್ಧಿಯನ್ನು ಬಟ್ಟೆಯ ಒಳಮೈ ಹೊರಗೆ ತಿರುಗಿಸಿದ ಹಾಗೆ ತಿರುಗಿಸಿಟ್ಟಿದ್ದ ಅನ್ನುತ್ತಾಳೆ. ಈ ಮಾತು ತುಂಬಾ ಮುಖ್ಯ. ಇಯಾಗೊ ತನ್ನನ್ನು ಅನುಮಾನಿಸಿದ್ದ ಅಂತ ಅವಳಿಗೆ ಗೊತ್ತು. ಆ ಅನುಮಾನ ಅವನದೇ ತಲೆಯಲ್ಲಿ ಹುಟ್ಟಿದ್ದು ಅಂತ ಮಾತ್ರ ಅವಳು ಒಪ್ಪಿಲ್ಲ. ಯಾರೋ ಹೊರಗಿನವನು ಕಿವಿ ಊದಿರಬೇಕು. ನನ್ನ ಗಂಡ ಸ್ವತಃ ಕೆಟ್ಟವನಲ್ಲ. ಆ ಮನೆಯಲ್ಲಿ ಬದುಕು ಸಾಗಿಸಲು ಅವಳು ಕಟ್ಟಿಕೊಂಡ ನಂಬಿಕೆ ಇದು.

ಅವಳಿಗೆ ಒಳಗೊಳಗೇ ಗೊತ್ತಿತ್ತಾ? ವಿಮರ್ಶಕರು ಈ ಬಗ್ಗೆ ಜಗಳವಾಡಿದ್ದಾರೆ. ಕೊನೆಯ ದೃಶ್ಯದಲ್ಲಿ ಅವಳೇ ‘ಆಗಲೇ ಅಂದುಕೊಂಡೆ’ ಅನ್ನುತ್ತಾಳೆ. ಯಾವಾಗ ಅಂತ ಬಿಡಿಸಿ ಹೇಳುವುದಿಲ್ಲ. ಕರ್ಚೀಫು ಕೊಟ್ಟಾಗಲೋ, ನೀಚನೊಬ್ಬ ಇದ್ದಾನೆ ಅಂತ ಕೂಗಿದಾಗಲೋ. ನನ್ನ ಓದಿನಲ್ಲಿ, ಅವಳು ಅನುಮಾನದ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದೆ ತಿರುಗಿದ್ದಳು. ಕಾಲಿಟ್ಟಿದ್ದರೆ ಅವಳು ವಾಪಸ್ ಹೋಗಲು ಮನೆಯೇ ಇರುತ್ತಿರಲಿಲ್ಲ.

ನಾಲ್ಕನೇ ಅಂಕದ ಕೊನೆಯ ದೃಶ್ಯ ರಾತ್ರಿಯದು. ಇಬ್ಬರೇ ಹೆಂಗಸರು. ಡೆಸ್ಡಿಮೋನಾ ಹೇಳಿದಂತೆ ಎಮಿಲಿಯಾ ಹಾಸಿಗೆಗೆ ಮದುವೆ ದಿನದ ಬಟ್ಟೆಯನ್ನೇ ಹಾಸಿದ್ದಾಳೆ. ‘ನಾನು ನಿನಗಿಂತ ಮುಂಚೆ ಸತ್ತರೆ ಇದರಲ್ಲೇ ನನ್ನ ಹೊದಿಸು’ ಅನ್ನುತ್ತಾಳೆ ಡೆಸ್ಡಿಮೋನಾ. ಎಮಿಲಿಯಾ ಅವಳ ಉಡುಪಿನ ಪಿನ್ನು ಒಂದೊಂದಾಗಿ ಬಿಚ್ಚುತ್ತಾಳೆ. ಡೆಸ್ಡಿಮೋನಾಗೆ ಅಮ್ಮನ ಮನೆಯಲ್ಲಿದ್ದ ಕೆಲಸದ ಹುಡುಗಿ ನೆನಪಾಗುತ್ತಾಳೆ. ಪ್ರೀತಿಸಿದವನು ಬಿಟ್ಟುಹೋದಮೇಲೆ ಆ ಹುಡುಗಿ ವಿಲೋ ಮರದ ಒಂದು ಹಾಡು ಹಾಡುತ್ತಲೇ ಸತ್ತಿದ್ದಳಂತೆ. ಆ ಹಾಡನ್ನು ಈಗ ಡೆಸ್ಡಿಮೋನಾ ಹಾಡುತ್ತಾಳೆ. ನಡುವೆ ಗಾಳಿಗೆ ಬಾಗಿಲು ಬಡಿದರೆ ಬೆಚ್ಚಿ ಬೀಳುತ್ತಾಳೆ.

ಆಮೇಲೆ ಕೇಳುತ್ತಾಳೆ, ಗಂಡನಿಗೆ ಮೋಸ ಮಾಡುವ ಹೆಂಗಸರು ನಿಜವಾಗಲೂ ಇದ್ದಾರಾ? ಇಡೀ ಲೋಕವನ್ನೇ ಕೊಡ್ತೀನಿ ಅಂದರೆ ನೀನು ಅಂಥದ್ದು ಮಾಡ್ತೀಯಾ? ಎಮಿಲಿಯಾ ತಮಾಷೆಯಾಗಿ ಶುರುಮಾಡುತ್ತಾಳೆ. ಲೋಕ ಅಂದರೆ ದೊಡ್ಡದಮ್ಮಾ, ಚಿಕ್ಕ ತಪ್ಪಿಗೆ ದೊಡ್ಡ ಬೆಲೆಯೇ ಸಿಕ್ಕಿತು. ಆಮೇಲೆ ಧ್ವನಿ ಬದಲಾಗುತ್ತದೆ. ಹೆಂಡತಿಯರು ದಾರಿ ತಪ್ಪಿದರೆ ಅದು ಗಂಡಂದಿರ ತಪ್ಪು ಅನ್ನುತ್ತಾಳೆ. ಅವರು ಹೊಡೀತಾರೆ, ಕಟ್ಟಿಹಾಕ್ತಾರೆ, ಬೇರೆಯವರ ಮಡಿಲಿಗೆ ಹೋಗ್ತಾರೆ. ಹೆಂಡತಿಯರಿಗೂ ಅವರ ಹಾಗೇ ಕಣ್ಣಿದೆ, ಮೂಗಿದೆ, ಸಿಹಿ ಹುಳಿ ತಿಳಿಯೋ ನಾಲಿಗೆ ಇದೆ ಅಂತ ಗಂಡಂದಿರಿಗೆ ಗೊತ್ತಿರಲಿ.

ಈ ಮಾತನ್ನು ಹೆಂಗಸರ ಹಕ್ಕಿನ ಭಾಷಣ ಅಂತ ಬಿಡಿಯಾಗಿ ಕತ್ತರಿಸಿ ಉಲ್ಲೇಖಿಸುವುದು ಈಗ ಜಾಸ್ತಿ. ತಪ್ಪೇನಿಲ್ಲ. ಆದರೆ ಅದು ಬರುವ ಜಾಗ ನೋಡಿ. ಗಂಡಸು ಒಬ್ಬನೂ ಕೇಳಿಸಿಕೊಳ್ಳುತ್ತಿಲ್ಲ. ಹೊರಗೆ ಕೊಲೆಯ ತಯಾರಿ ನಡೆದಿದೆ. ಇಷ್ಟು ತಿಳಿವಳಿಕೆ ಇರುವ ಹೆಂಗಸು, ಗಂಡಸರನ್ನು ಇಷ್ಟು ಚೆನ್ನಾಗಿ ಬಲ್ಲವಳು, ತನ್ನ ಸ್ವಂತ ಗಂಡನ ಬಗ್ಗೆ ಮಾತ್ರ ಇನ್ನೂ ಕುರುಡು. ಕರ್ಚೀಫಿನ ವಿಷಯ ಈಗಲೂ ಅವಳ ನಾಲಿಗೆಗೆ ಬರುವುದಿಲ್ಲ.

ಇನ್ನೊಂದು ಸಂಗತಿ. ಈ ನಾಟಕ ಅಚ್ಚಾದದ್ದು ಎರಡು ರೂಪದಲ್ಲಿ. 1622ರ ಚಿಕ್ಕ ಪುಸ್ತಕ ಒಂದು, 1623ರ ದೊಡ್ಡ ಸಂಪುಟ ಇನ್ನೊಂದು. 1622ರ ಪುಸ್ತಕದಲ್ಲಿ ವಿಲೋ ಹಾಡು ಇಲ್ಲ. ಗಂಡಂದಿರ ಬಗೆಗಿನ ಈ ಮಾತೂ ಇಲ್ಲ. ಆಮೇಲೆ ಸೇರಿಸಿದ್ದೋ, ಮೊದಲೇ ಇದ್ದು ಕತ್ತರಿಸಿದ್ದೋ ಅನ್ನುವ ಚರ್ಚೆ ಈಗಲೂ ನಡೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ತಿಳಿಯುತ್ತದೆ. ಈ ಸಾಲುಗಳಿಲ್ಲದೆಯೂ ಕಥೆ ನಡೆಯುತ್ತದೆ, ಕೊಲೆಯೂ ಆಗುತ್ತದೆ, ಸತ್ಯವೂ ಹೊರಬರುತ್ತದೆ. ಆದರೆ ಆ ಎಮಿಲಿಯಾ ಕಥೆಗೆ ಬೇಕಾದ ಕೀಲು ಮಾತ್ರ. ಈ ಸಾಲುಗಳಿದ್ದಾಗ ಅವಳಿಗೆ ತನ್ನದೇ ಒಂದು ಮನಸ್ಸು ಬರುತ್ತದೆ. ಕೊನೆಯ ದೃಶ್ಯದಲ್ಲಿ ಅವಳು ಸಿಡಿದೇಳುವುದು ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಸಿಗುತ್ತದೆ.

ಐದನೇ ಅಂಕ. ಕೊಲೆ ನಡೆದಿದೆ, ಅಥವಾ ನಡೆಯುತ್ತಾ ಇದೆ. ಎಮಿಲಿಯಾ ಹೊರಗಿನಿಂದ ಬಾಗಿಲು ಬಡಿಯುತ್ತಾಳೆ. ಒಳಗೆ ಬಂದಾಗ ಡೆಸ್ಡಿಮೋನಾಗೆ ಇನ್ನೂ ಒಂದೆರಡು ಮಾತಿನಷ್ಟು ಉಸಿರಿದೆ. ಯಾರು ಮಾಡಿದ್ದು ಇದನ್ನ ಅಂದರೆ, ‘ಯಾರೂ ಅಲ್ಲ. ನಾನೇ’ ಅಂತ ಹೇಳಿ ಕಣ್ಣುಮುಚ್ಚುತ್ತಾಳೆ. ಗಂಡನನ್ನು ಉಳಿಸಲು ಹೆಂಡತಿ ಹೇಳಿದ ಸುಳ್ಳು. ಎಮಿಲಿಯಾ ಮೂರನೇ ಅಂಕದಲ್ಲಿ ಹೇಳಿದ್ದೂ ಅದೇ ಜಾತಿಯ ಸುಳ್ಳು. ಈಗ ಅವಳ ಮುಂದೆ ಅದರ ಬೆಲೆ ಹಾಸಿಗೆಯ ಮೇಲೆ ಮಲಗಿದೆ.

ಕೊಂದದ್ದು ನಾನೇ ಅಂತ ಒಥೆಲೊ ಒಪ್ಪಿಕೊಂಡ ತಕ್ಷಣ ಅವಳ ಮಾತಿನಲ್ಲೇ ಒಂದು ಬದಲಾವಣೆ ಆಗುತ್ತದೆ. ಕನ್ನಡದವರಿಗೆ ಇದು ಬೇಗ ಹಿಡಿಸುತ್ತದೆ, ಯಾಕೆಂದರೆ ನಮ್ಮಲ್ಲೂ ‘ನೀವು’ ‘ನೀನು’ ಎರಡೂ ಇವೆ. ಆ ಕಾಲದ ಇಂಗ್ಲಿಷ್‌ನಲ್ಲೂ ಇದ್ದವು. ಅಲ್ಲಿಯವರೆಗೆ ಒಥೆಲೊನನ್ನು ಒಡೆಯ, ನೀವು ಅಂತಲೇ ಕರೆದವಳು ಒಂದೆರಡು ಸಾಲಿನ ಒಳಗೆ ಏಕವಚನಕ್ಕೆ ಇಳಿಯುತ್ತಾಳೆ. ‘ನೀನು ಅವಳ ಮೇಲೆ ಸುಳ್ಳು ಹೇಳ್ತಿದ್ದೀಯ, ನೀನೊಬ್ಬ ಪಿಶಾಚಿ.’ ಸೇನಾಪತಿಗೆ, ಅವನ ಮನೆಯಲ್ಲೇ, ಅವನ ಕೈಯಲ್ಲಿ ಕತ್ತಿ ಇರುವಾಗ ಈ ಏಕವಚನ. ಕನ್ನಡದಲ್ಲಿ ಈ ನಾಟಕ ಆಡಿಸುವವರು ಈ ಒಂದು ಜಾಗವನ್ನು ದಯವಿಟ್ಟು ಕಳೆದುಕೊಳ್ಳಬಾರದು. 19ನೇ ಶತಮಾನದ ಕೊನೆಯ ಹೊತ್ತಿಗೇ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ಎಂಬ ಹೆಸರಿನಲ್ಲಿ ಒಥೆಲೊ ಕಥೆಯನ್ನು ಕನ್ನಡಕ್ಕೆ ತಂದಿದ್ದರು. ಈ ನಾಟಕದ ಜೊತೆ ನಮ್ಮ ನಂಟು ಅಷ್ಟು ಹಳೆಯದು.

ಒಥೆಲೊ ಹೇಳುತ್ತಾನೆ, ನಿನ್ನ ಗಂಡನಿಗೆ ಎಲ್ಲ ಗೊತ್ತಿತ್ತು. ಎಮಿಲಿಯಾ ಕೇಳುತ್ತಾಳೆ, ‘ನನ್ನ ಗಂಡನಿಗಾ?’ ಹೌದು, ನಿನ್ನ ಗಂಡನಿಗೇ. ಮತ್ತೆ, ‘ನನ್ನ ಗಂಡನಿಗಾ?’ ಮತ್ತೊಮ್ಮೆ ಅದೇ. ಒಥೆಲೊಗೆ ರೇಗುತ್ತದೆ, ಎಷ್ಟು ಸಲ ಹೇಳಬೇಕು ಅಂತ. ಅವನಿಗೆ ಅದು ಒಂದೇ ಪ್ರಶ್ನೆ. ನಮಗೆ ಹಾಗಲ್ಲ. ಮೊದಲ ಸಲ ಅವಳು ಕೇಳಿದ್ದನ್ನು ನಂಬಲಾರದೆ ಕೇಳುತ್ತಾಳೆ. ಎರಡನೆಯ ಸಲಕ್ಕೆ ಏನೋ ಜೋಡಣೆಯಾಗುತ್ತಿದೆ. ಮೂರನೆಯ ಸಲಕ್ಕೆ ಅವಳು ಪ್ರಶ್ನೆಯನ್ನು ಒಥೆಲೊಗೆ ಕೇಳುತ್ತಲೇ ಇಲ್ಲ. ಒಳ್ಳೆಯ ನಟಿಗೆ ಈ ಮೂರು ಶಬ್ದಗಳೇ ಸಾಕು.

ಆದರೂ ಇಯಾಗೊ ಬಂದಾಗ ಅವಳು ಅವನಿಗೆ ಒಂದು ಅವಕಾಶ ಕೊಡುತ್ತಾಳೆ. ನೀನು ಗಂಡಸಾದರೆ ಇವನು ಹೇಳೋದು ಸುಳ್ಳು ಅನ್ನು, ನೀನು ಅಷ್ಟು ನೀಚ ಅಲ್ಲ ಅಂತ ನನಗೆ ಗೊತ್ತು. ಬೇಡಿಕೊಳ್ಳುವ ಹಾಗಿದೆ ಆ ಮಾತು. ಅವನು ಒಪ್ಪಿಕೊಂಡಮೇಲೆ ಮಾತ್ರ ಅವಳು ತಡೆಯುವುದಿಲ್ಲ. ನಾಲಿಗೆ ಹಿಡಿ ಅನ್ನುತ್ತಾನೆ. ಹಿಡಿಯಲ್ಲ ಅನ್ನುತ್ತಾಳೆ. ಮನೆಗೆ ಹೋಗು ಅನ್ನುತ್ತಾನೆ. ಆಗ ಅವಳು ಅಲ್ಲಿ ನಿಂತ ದೊಡ್ಡ ಮನುಷ್ಯರ ಕಡೆ ತಿರುಗಿ, ಮಾತಾಡಲು ಅವಕಾಶ ಕೊಡಿ ಅಂತ ಕೇಳುತ್ತಾಳೆ. ‘ಗಂಡನ ಮಾತು ಕೇಳೋದು ನನ್ನ ಧರ್ಮ. ಆದರೆ ಈಗಲ್ಲ. ಬಹುಶಃ ನಾನಿನ್ನು ಮನೆಗೇ ಹೋಗಲ್ಲ, ಇಯಾಗೊ.’

ನನ್ನ ಪ್ರಕಾರ ಇಡೀ ಪಾತ್ರ ಈ ‘ಈಗಲ್ಲ’ದಲ್ಲಿದೆ. ಅವಳು ಗಂಡನ ಮಾತು ಕೇಳಬಾರದು ಅಂತ ಸಾರುತ್ತಿಲ್ಲ. ಕೇಳಬೇಕು ಅಂತ ಇನ್ನೂ ನಂಬಿದ್ದಾಳೆ. ಆ ನಂಬಿಕೆ ಇಟ್ಟುಕೊಂಡೇ ಅದನ್ನು ಮುರಿಯುತ್ತಾಳೆ. ನಾಲ್ಕನೇ ಅಂಕದಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಅಷ್ಟು ಧೈರ್ಯವಾಗಿ ಮಾತಾಡಿದವಳಿಗೆ ಈ ಒಂದು ಚಿಕ್ಕ ಮಾತು ಎಷ್ಟು ಕಷ್ಟ ಅನ್ನುವುದು ಗೊತ್ತಾಗುತ್ತದೆ.

ಅವಳಿಗೆ ಇನ್ನೂ ಪೂರ್ತಿ ತಿಳಿದಿಲ್ಲ ಅನ್ನುವುದನ್ನು ಮರೆಯಬೇಡಿ. ಇಯಾಗೊ ಸುಳ್ಳು ಹೇಳಿದ ಅಂತ ಗೊತ್ತಾಗಿದೆ. ಸಾಕ್ಷಿ ಏನು ಅಂತ ಗೊತ್ತಿಲ್ಲ. ಒಥೆಲೊ ತನ್ನ ಸಮರ್ಥನೆಗೆ ಕರ್ಚೀಫಿನ ಹೆಸರು ಎತ್ತಿದಾಗ ಅವಳ ಬಾಯಿಂದ ಬರುವುದು ‘ಅಯ್ಯೋ ದೇವರೇ’ ಅನ್ನುವ ಒಂದು ಕೂಗು. ಅದರೊಳಗೆ ಎರಡು ತಿಳಿವಳಿಕೆ ಇವೆ. ಅವನು ಮಾಡಿದ್ದು ಏನು, ನಾನು ಮಾಡಿದ್ದು ಏನು. ನಮ್ಮ ಶಾಕುಂತಲದ ಉಂಗುರ ನೆನಪಾಗುತ್ತದೆ. ಅಲ್ಲಿಯೂ ಗಂಡ ಕೊಟ್ಟ ಒಂದು ಚಿಕ್ಕ ವಸ್ತು ಕಳೆದುಹೋಗಿ ಹೆಂಡತಿಯ ಬಾಳು ಹಾಳಾಗುತ್ತದೆ. ಆದರೆ ಉಂಗುರ ಸಿಕ್ಕಾಗ ದುಷ್ಯಂತನಿಗೆ ನೆನಪು ಬರುತ್ತದೆ, ಶಕುಂತಲೆ ಬದುಕಿರುತ್ತಾಳೆ. ಇಲ್ಲಿ ಕರ್ಚೀಫಿನ ಕಥೆ ತಿಳಿಯುವ ಹೊತ್ತಿಗೆ ಹಾಸಿಗೆ ತಣ್ಣಗಾಗಿದೆ.

ಇಯಾಗೊ ಕತ್ತಿ ತೋರಿಸಿ ಬಾಯಿ ಮುಚ್ಚು ಅನ್ನುತ್ತಾನೆ. ಅವಳು, ದೇವರು, ಮನುಷ್ಯರು, ದೆವ್ವಗಳು ಎಲ್ಲರೂ ಸೇರಿ ನನಗೆ ಥೂ ಅಂದರೂ ಹೇಳೇ ಹೇಳ್ತೀನಿ ಅನ್ನುತ್ತಾಳೆ. ಹೇಳುತ್ತಾಳೆ ಕೂಡ. ಆ ಕರ್ಚೀಫು ನನಗೆ ಸಿಕ್ಕಿದ್ದು, ನಾನೇ ನನ್ನ ಗಂಡನಿಗೆ ಕೊಟ್ಟದ್ದು. ಇಲ್ಲಿ ಅವಳು ಗಂಡನ ಮೇಲೆ ಮಾತ್ರ ತಪ್ಪು ಹೊರಿಸಿ ತಾನು ಜಾರಿಕೊಳ್ಳುವುದಿಲ್ಲ. ಸತ್ಯ ಹೇಳಬೇಕಾ, ‘ನಾನೇ’ ಅಂತ ಶುರುಮಾಡದೆ ಅವಳಿಗೆ ಬೇರೆ ದಾರಿಯೇ ಇಲ್ಲ. ಡೆಸ್ಡಿಮೋನಾ ‘ನಾನೇ’ ಅಂದಾಗ ಅದು ಸುಳ್ಳಾಗಿತ್ತು. ಎಮಿಲಿಯಾ ‘ನಾನೇ’ ಅಂದಾಗ ಅದು ನಿಜ. ಸುತ್ತಲೂ ಗಂಡಸರು ನಿಂತಿರುವಾಗಲೇ ಇಯಾಗೊ ಅವಳನ್ನು ಇರಿದು ಓಡುತ್ತಾನೆ.

ಹಿಡಿದು ತಂದಮೇಲೆ ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಇಯಾಗೊ ಹೇಳುವುದು ಇಷ್ಟೇ. ನನ್ನನ್ನು ಏನೂ ಕೇಳಬೇಡಿ, ಇನ್ನುಮುಂದೆ ಒಂದು ಮಾತೂ ಆಡಲ್ಲ. ಮಾತಿನಿಂದಲೇ ಎಲ್ಲರನ್ನೂ ಕೊಂದವನು ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚು ಅನ್ನಿಸಿಕೊಂಡವಳು ಮಾತಾಡಿ ಸತ್ತಿದ್ದಾಳೆ.

ಈ ಪಾತ್ರಗಳನ್ನು ಮೊದಲು ಆಡಿದವರು ಹೆಂಗಸರಲ್ಲ. ಶೇಕ್ಸ್‌ಪಿಯರ್ ಕಾಲದಲ್ಲಿ ಹೆಣ್ಣುಪಾತ್ರ ಹುಡುಗರದ್ದು. 1660ರ ಡಿಸೆಂಬರ್ 8ರಂದು ಲಂಡನ್ನಿನಲ್ಲಿ ಡೆಸ್ಡಿಮೋನಾ ಆಗಿ ಒಬ್ಬ ಹೆಂಗಸು ರಂಗಕ್ಕೆ ಬಂದಳು. ಇಂಗ್ಲೆಂಡಿನ ವೃತ್ತಿರಂಗಭೂಮಿಯ ಮೊದಲ ನಟಿ ಅಂತ ಲೆಕ್ಕ ಹಾಕುವುದು ಆ ದಿನದಿಂದ.

ಇರಿತ ಬಿದ್ದಮೇಲೆ ಎಮಿಲಿಯಾ ಒಂದೇ ಒಂದು ಕೇಳಿಕೊಳ್ಳುತ್ತಾಳೆ, ನನ್ನನ್ನು ಅಮ್ಮಾವ್ರ ಪಕ್ಕದಲ್ಲಿ ಮಲಗಿಸಿ ಅಂತ. ಆಮೇಲೆ ವಿಲೋ ಹಾಡಿನ ಒಂದು ತುಣುಕು ಗುನುಗುತ್ತಾಳೆ. ಒಥೆಲೊಗೆ, ಅವಳು ಶುದ್ಧವಾಗಿದ್ದಳು, ನಿನ್ನನ್ನು ಪ್ರೀತಿಸಿದ್ದಳು ಅಂತ ಹೇಳಿ ಸಾಯುತ್ತಾಳೆ. ಅವಳು ಕೇಳಿದ ಹಾಗೆ ಯಾರಾದರೂ ಅವಳನ್ನು ಎತ್ತಿ ಆ ಹಾಸಿಗೆಯ ಮೇಲೆ ಮಲಗಿಸಿದರಾ? ಹಾಗೆ ಮಾಡಿ ಅಂತ ನಾಟಕದಲ್ಲಿ ಎಲ್ಲೂ ಬರೆದಿಲ್ಲ. ಸ್ವಲ್ಪ ಹೊತ್ತಿಗೆ ಒಥೆಲೊ ತನ್ನನ್ನು ತಾನೇ ಇರಿದುಕೊಂಡು ಅದೇ ಹಾಸಿಗೆಯ ಮೇಲೆ ಬೀಳುತ್ತಾನೆ. ವೆನಿಸ್‌ನಿಂದ ಬಂದ ಲೊಡೊವಿಕೊ, ಈ ಹಾಸಿಗೆ ಹೊತ್ತ ಭಾರ ನೋಡು ಅಂತ ಇಯಾಗೊಗೆ ಹೇಳುತ್ತಾನೆ. ಆ ಭಾರ ಇಬ್ಬರದೋ ಮೂವರದೋ ಅನ್ನುವುದನ್ನು ಪ್ರತಿಯೊಬ್ಬ ನಿರ್ದೇಶಕರೂ ತಾವೇ ತೀರ್ಮಾನಿಸಬೇಕು. ಕೆಲವರು ಅವಳನ್ನು ಡೆಸ್ಡಿಮೋನಾಳ ಪಕ್ಕಕ್ಕೆ ಮಲಗಿಸುತ್ತಾರೆ. ಕೆಲವರು ಬಿದ್ದಲ್ಲೇ ನೆಲದ ಮೇಲೆ ಬಿಡುತ್ತಾರೆ. ಒಥೆಲೊ ನೋಡಲು ಹೋದಾಗಲೆಲ್ಲ ಕೊನೆಯ ಐದು ನಿಮಿಷ ನನ್ನ ಕಣ್ಣು ಹುಡುಕುವುದು ಅದನ್ನೇ.